ಫ್ಯೂರಿ ಅಂದರೆ ಯಾರ ಸಿಟ್ಟು

ಮುದುಕಿಗೆ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಮೊಮ್ಮಕ್ಕಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಸುಳ್ಳೇನಲ್ಲ. ಇಲಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳು ನಾನು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅವ್ವ, ನೂಲು ಹರಿದಾಗಲೆಲ್ಲ ನನ್ನ ಕಡೆ ತಿರುಗಿ, "ಇದೂ ನಿನ್ನಂಗ ನೋಡ, ಮುಟ್ಟಿದ್ರ ಸಿಡೀತೈತಿ" ಎಂದು ನಗುತ್ತಿದ್ದಳು. ನಾನು ಅದಕ್ಕೂ ಸಿಟ್ಟಾಗುತ್ತಿದ್ದೆ. ಹದಿನಾರನೇ ವರ್ಷಕ್ಕೆ ಬಾಗಲಕೋಟೆಯ ಗಂಡನ ಮನೆಗೆ ಬಾಳಲು ಬಂದೆ. ಸಿಟ್ಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನನಗೆ ತಿಳಿದದ್ದು ಅಲ್ಲಿ.

ನಮ್ಮವರು ಆಗ ಇಂಗ್ಲಿಷ್ ಪರೀಕ್ಷೆಗೆ ಕೂತಿದ್ದರು. ಒಂದು ಸಲ ನಪಾಸಾಗಿತ್ತು. ಈ ಸಲ ಪಾಸಾದರೆ ಬಾದಾಮಿಯ ಕಚೇರಿಯಲ್ಲಿ ಕಾರಕೂನನ ಕೆಲಸ ಸಿಕ್ಕೀತೆಂದು ಮನೆಮಂದಿಗೆಲ್ಲ ಆಸೆ. ಮಾಸ್ತರರಿಂದ ತಂದ, ಕನ್ನಡದಲ್ಲಿ ಅರ್ಥ ಕೊಡುವ ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ ಇತ್ತು, ರಟ್ಟು ಕಿತ್ತುಹೋಗಿತ್ತು. ಅವರು ಬಾಯಿಪಾಠ ಮಾಡಿದ್ದನ್ನು ಕೇಳಿಸಿಕೊಂಡು ತಪ್ಪು ಹಿಡಿಯುವವರು ಯಾರಾದರೂ ಬೇಕಿತ್ತು. ಅತ್ತೆಗೆ ಓದು ಬಾರದು, ಮಾವನಿಗೆ ಸೀರೆ ಅಂಗಡಿಯಿಂದ ಬಿಡುವಿಲ್ಲ. ನಾನು ಚಿಕ್ಕವಳಿದ್ದಾಗ ಮಠದ ಅಯ್ಯನವರ ಹತ್ತಿರ ವಚನ ಓದುವಷ್ಟು ಕಲಿತಿದ್ದೆ. ಹಾಗಾಗಿ ನಮ್ಮವರು ನನಗೆ ಎರಡು ತಿಂಗಳಲ್ಲಿ ಇಂಗ್ಲಿಷ್ ಅಕ್ಷರ ಕಲಿಸಿ, ಡಿಕ್ಷನರಿಯನ್ನು ನನ್ನ ತೊಡೆಯ ಮೇಲಿಟ್ಟರು.

ಒಂದು ಮಧ್ಯಾಹ್ನ ಆ ಶಬ್ದ ಬಂತು, ಫ್ಯೂರಿ. ಮೂರು ಅರ್ಥ ಕೊಟ್ಟಿದ್ದರು. ಮೊದಲನೆಯದು ಕಡುಕೋಪ, ಮೈಮೇಲೆ ಎಚ್ಚರವಿಲ್ಲದಂಥದ್ದು. ಎರಡನೆಯದು ಗಾಳಿ, ಬೆಂಕಿ, ಹೊಳೆಗಳ ಆರ್ಭಟ. ಮೂರನೆಯದನ್ನು ಹೇಳದೆ ನಮ್ಮವರು ಬೇಕಂತಲೇ ನುಂಗಿದರು. ನಾನು ಬಿಡುವವಳೇ? ಬೆರಳಿಟ್ಟು ಓದಿದೆ. ಕೋಪಿಷ್ಠ ಹೆಂಗಸು ಎಂದಿತ್ತು.

"ಅಂದ್ರ ಸಿಟ್ಟಾದ ಹೆಂಗಸಿಗೂ ಫ್ಯೂರಿನ ಅಂತಾರೇನ್ರಿ?"

"ಹೂಂ."

"ಮತ್ತ ಸಿಟ್ಟಾದ ಗಂಡಸಿಗೆ?"

ಅವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಮೇಲಿಂದ ಕೆಳಗೆ ಹುಡುಕಿದರು. "ಇಲ್ಲ. ಗಂಡಸಿಗೆ ಹಂಗೇನ ಹೆಸರ ಕೊಟ್ಟಿಲ್ಲ."

"ಭಾಳ ಚೊಲೊ ಆತು. ಏಳು ಸಮುದ್ರ ದಾಟಿ ಬಂದ್ರೂ ಇವರ ಬುದ್ಧಿ ನಮ್ಮ ಓಣಿಯವರದ್ದ!"

ನಮ್ಮವರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ಯಾರೂ ಇಲ್ಲದಾಗ ನನ್ನನ್ನು "ಏನಬೇ ಫ್ಯೂರಿ" ಎಂದೇ ಕರೆಯತೊಡಗಿದರು. ನನಗೂ ಒಳಗೊಳಗೆ ಹಿಗ್ಗು. ಆ ಶಬ್ದವನ್ನು ಬಳಸುವ ರೀತಿಯನ್ನೂ ಅವರೇ ಹೇಳಿಕೊಟ್ಟರು. ಇಂಗ್ಲಿಷಿನವರು ಫ್ಯೂರಿಯೊಳಗೆ ಹಾರುತ್ತಾರಂತೆ. ನಮಗಾದರೆ ಸಿಟ್ಟು ಬರುತ್ತದೆ, ಅವರು ಸಿಟ್ಟಿದ್ದಲ್ಲಿಗೆ ತಾವೇ ಹೋಗುತ್ತಾರೆ. ಅಷ್ಟಾದರೂ ಎಲ್ಲಿಗೋ ಹೋಗಲು ಅವರಿಗೆ ತಡೆಯಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ನನಗೆ ಹಿತ್ತಲ ಬಾವಿಗೆ ಹೋಗುವುದಕ್ಕೂ ಅತ್ತೆಯ ಕಣ್ಸನ್ನೆ ಬೇಕಿತ್ತು.

ನಮ್ಮ ಕಡೆ ಒಂದು ಪದ್ಧತಿ. ಮದುವೆಯಾದ ಹೆಣ್ಣು ತಾನಾಗಿ ತವರಿಗೆ ಹೋಗುವಂತಿಲ್ಲ. ತವರಿನವರು ಯಾರಾದರೂ ಬರಬೇಕು, ಹೊಸ್ತಿಲು ದಾಟಿ ಒಳಗೆ ಬಂದು, ಕೂತು, ನೀರು ಕುಡಿದು, "ನಮ್ಮ ಹುಡುಗೀನ ಕಳಸ್ರಿ" ಎಂದು ಹಿರಿಯರನ್ನು ಕೇಳಬೇಕು. ಹಿರಿಯರು ಹೂಂ ಅಂದ ಮೇಲೆ ಅತ್ತೆ ಉಡಿ ತುಂಬುತ್ತಾಳೆ. ಅಕ್ಕಿ, ಕೊಬ್ಬರಿ, ಉತ್ತತ್ತಿ ಸೆರಗಿನಲ್ಲಿ ಬಿದ್ದ ಮೇಲೆಯೇ ಹೆಣ್ಣಿನ ಹೆಜ್ಜೆ ಹೊರಗೆ. ಉಡಿ ತುಂಬಿಸಿಕೊಳ್ಳದೆ ಹೊರಬಿದ್ದವಳು ಗಂಡನ ಮನೆಯನ್ನು ಬಿಟ್ಟಳೆಂದೇ ಲೆಕ್ಕ. ಆಮೇಲೆ ಬಾಗಿಲು ತೆರೆಯುವವರಿಲ್ಲ.

ಪಂಚಮಿಗೆ ನನ್ನನ್ನು ಕರೆಯಲು ಅಣ್ಣ ಬಂದಿದ್ದ. ಆ ದಿನ ಮಾವನ ಬಳಿ ಸೊಲ್ಲಾಪುರದ ವ್ಯಾಪಾರಿಗಳು ಕೂತಿದ್ದರು. ಅಣ್ಣನನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಮರೆತೇಬಿಟ್ಟರು. ಇಲಕಲ್ಲಿನಿಂದ ಎರಡು ದಿನ ನಡೆದು ಬಂದವನು, ಕೈಯಲ್ಲಿ ಅವ್ವ ಕಟ್ಟಿಕೊಟ್ಟ ಉಂಡಿಯ ಗಂಟು. ಬಿಸಿಲು ಇಳಿಯುವ ಹೊತ್ತಿಗೆ ಮಾವ ಹೊರಗೆ ಬಂದು, "ಹುಡುಗನ ಪರೀಕ್ಷಾ ಐತಿ, ಮನ್ಯಾಗ ಕೆಲಸ ಭಾಳ. ಮುಂದಿನ ವರ್ಷ ನೋಡೂಣು" ಎಂದರು. ಅಣ್ಣ ಎದ್ದು ಧೋತರದ ಧೂಳು ಝಾಡಿಸಿದ. "ಇನ್ನ ಈ ಹೊಸ್ತಲಾ ತುಳದ್ರ ನಾ ನಮ್ಮಪ್ಪನ ಮಗನ ಅಲ್ಲ" ಎಂದು ಉಂಡಿಯ ಗಂಟನ್ನು ಕಟ್ಟೆಯ ಮೇಲೇ ಬಿಟ್ಟು ಹೋದ. ಮಾವನೂ ಕಡಿಮೆಯವರಲ್ಲ. "ಒಳಗ ಬಂದು ಬಾಯಿ ಬಿಟ್ಟು ಕೇಳೂತನಕ ಹುಡುಗೀನ ಕಳಸಾಂಗಿಲ್ಲ" ಎಂದು ಇಡೀ ಓಣಿಗೆ ಕೇಳುವಂತೆ ಹೇಳಿದರು. ಆ ಎರಡು ಮಾತುಗಳ ನಡುವೆ ನಾನು ಸಿಕ್ಕಿಹಾಕಿಕೊಂಡೆ.

ಚಳಿಗಾಲ ಬಂತು. ಗಾದಿಯ ಹತ್ತಿ ಹಿಂಜಲು ಪ್ರತಿ ವರ್ಷ ಬರುತ್ತಿದ್ದ ಪಿಂಜಾರ ಕಾಕಾ ಬಂದರು. ಇಲಕಲ್ಲು, ಹುನಗುಂದ, ಶಿರೂರು ಎಂದು ಮನೆಮನೆ ತಿರುಗುವ ಮನುಷ್ಯ, ನನ್ನನ್ನು ಲಂಗದಲ್ಲಿ ನೋಡಿದವರು. ನೀರು ಕೊಡಲು ಹೋದಾಗ ಹಿಂಜುವ ಬಿಲ್ಲಿನ ಏಟು ನಿಲ್ಲಿಸಿ, ಗಡ್ಡದ ಮೇಲಿನ ಹತ್ತಿ ತೆಗೆಯುತ್ತ ಮೆಲ್ಲಗೆ ಹೇಳಿದರು.

"ಬೇಟಿ, ನಿಮ್ಮವ್ವ ತಿಂಗಳಾತು, ಮಗ್ಗದ ಕುಣಿಗೆ ಇಳದಿಲ್ಲ."

ನನ್ನನ್ನು ಹೆತ್ತ ಹನ್ನೊಂದನೇ ದಿನಕ್ಕೆ ಕುಣಿಗೆ ಇಳಿದವಳು ಅವ್ವ. ಜ್ವರದಲ್ಲೂ ಕಂಬಳಿ ಹೊದ್ದು ನೇಯ್ದವಳು. ಅವಳು ಕುಣಿಗೆ ಇಳಿದಿಲ್ಲ ಅಂದರೆ ಇನ್ನು ಏಳುವವಳಲ್ಲ ಎಂದೇ ಅರ್ಥ. "ದಿನಾ ನಿನ್ನ ಹೆಸರ ತಗೀತಾಳ" ಎಂದರು ಕಾಕಾ. "ನಮ್ಮಣ್ಣಗ ಹೇಳ್ರಿ, ಕೈ ಮುಗೀತೇನಿ, ಬಂದು ಕರಕೊಂಡು ಹೋಗಂತ ಹೇಳ್ರಿ" ಎಂದೆ.

ಅಂದು ಡಿಕ್ಷನರಿ ತೆರೆಯಲಿಲ್ಲ. ನಮ್ಮವರ ಮುಂದೆ ನಿಂತು, "ನಿಮ್ಮಪ್ಪಗ ಒಂದ ಮಾತ ಹೇಳ್ರಿ. ಅವ್ವನ ಮುಖ ನೋಡಿ ಬರ್ತೇನಿ" ಎಂದೆ. ಅವರು ತಲೆ ತಗ್ಗಿಸಿದರು.

"ನಾ ಹೆಂಗ ಹೇಳ್ಲಿ? ಅಪ್ಪ ಮಂದ್ಯಾಗ ಮಾತ ಆಡ್ಯಾನ. ಮರ್ಯಾದಿ ಪ್ರಶ್ನಾ ಅದು."

"ನಾ ಸಿಟ್ಟಾದ್ರ ಫ್ಯೂರಿ, ನಿಮ್ಮಪ್ಪ ಸಿಟ್ಟಾದ್ರ ಮರ್ಯಾದಿ! ನಮ್ಮಣ್ಣಂದು ಮಾನ! ಯಾವ ಡಿಕ್ಷನರಿಯಾಗ ಬರದಾರ್ರೀ ಇದನ್ನ?"

ಅವರ ಕಣ್ಣಲ್ಲಿ ನೀರಿತ್ತು. ಕೆಟ್ಟವರಲ್ಲ ಅವರು, ಹೆದರುಪುಕ್ಕಲರು. ನನಗೆ ಕೆಟ್ಟ ಗಂಡನಾದರೂ ಇದ್ದಿದ್ದರೆ ಬೈದು ಸುಮ್ಮನಾಗುತ್ತಿದ್ದೆ ಅನ್ನಿಸಿತು. ಹೋಗಿ ಜೋಳದ ಹಿಟ್ಟು ಕಲಸಿ ರೊಟ್ಟಿ ಬಡಿದೆ. ಅಂದು ಬಡಿದ ಸದ್ದಿಗೆ ಪಕ್ಕದ ಮನೆಯವರು ಬಂದು ಇಣುಕಿದರು.

ಎಂಟು ದಿನಕ್ಕೆ ಅಣ್ಣ ಬಂದ. ಬಾಡಿಗೆಯ ಗಾಡಿ ಕಟ್ಟಿಸಿಕೊಂಡು ಬಂದಿದ್ದ. ಆದರೆ ಒಳಗೆ ಬರಲಿಲ್ಲ. ನಮ್ಮ ಮನೆಯೆದುರಿನ ಬೇವಿನ ಮರದ ಕೆಳಗೆ ಕೈ ಕಟ್ಟಿ ನಿಂತ. ಮಾವ ಒಳಗೆ ಗಾದಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತರು. ಅಂದು ಅಂಗಡಿಗೂ ಹೋಗಲಿಲ್ಲ.

ನಮ್ಮವರಿಗೆ ಒಳಗೂ ಹೊರಗೂ ಓಡಾಡುವುದೇ ಕೆಲಸವಾಯಿತು.

"ಒಳಗ ಬರ್ರಿ ಅಂತಾನ ಅಪ್ಪ."

"ಅವರ ಹೊರಗ ಬರ್ಲಿ."

"ಅಪ್ಪಾ, ನೀ ಹೊರಗ ಬರ್ಬೇಕಂತ."

"ಯಾಕ? ಕಾಲಿಗೆ ಮುಳ್ಳ ಚುಚ್ಚೇತೇನ ಅವಗ?"

ಓಣಿಯವರು ಕಟ್ಟೆಗೆ ಬಂದು ಕೂತರು, ನಗುವವರೂ ಇದ್ದರು. ಮಾವ ಕೆಟ್ಟವರೇನಲ್ಲ ಎನ್ನುವುದನ್ನೂ ಹೇಳಬೇಕು. ಬೆಳಿಗ್ಗೆಯೇ ಅತ್ತೆಗೆ ಹೇಳಿ ಉಡಿಯ ಸಾಮಾನು ಪರಾತದಲ್ಲಿ ಇಡಿಸಿದ್ದರು. ಅಣ್ಣ ಒಳಗೆ ಬಂದು ಒಂದು ಗುಟುಕು ನೀರು ಕುಡಿದಿದ್ದರೆ ಸಾಕಿತ್ತು, ಕಳಿಸುವವರೇ. ಎಲ್ಲರಿಗೂ ನನ್ನನ್ನು ಕಳಿಸುವ ಮನಸ್ಸೇ. ಅಕ್ಕಿ, ಕೊಬ್ಬರಿ ಎಲ್ಲ ತಯಾರು. ಇಬ್ಬರು ಗಂಡಸರ ನಡುವೆ ನಾಲ್ಕು ಮೊಳದ ಬಾಗಿಲು.

ಮಧ್ಯಾಹ್ನ ದಾಟಿತು. ನನಗೆ ತಡೆಯಲಾಗಲಿಲ್ಲ. ತಲೆಯ ಸೆರಗು ಸರಿ ಮಾಡಿಕೊಂಡು ಬಾಗಿಲ ತನಕ ಬಂದೆ. ಹಿಂದೆ ಯಾವ ಸೊಸೆಯೂ ಹಾಗೆ ಹಗಲಲ್ಲಿ ಬಾಗಿಲಿಗೆ ಬಂದು ನಿಂತಿರಲಿಲ್ಲ. ಅಣ್ಣ ನನ್ನನ್ನು ನೋಡಿದ. ಸೊರಗಿದ್ದ.

"ಬಾರವ್ವ ತಂಗಿ. ಗಾಡಿ ಹತ್ತು. ಅವ್ವ ದಾರಿ ನೋಡಾಕತ್ತಾಳ" ಎಂದ.

ನಾನು ಕಾಲೆತ್ತಿದ್ದೆ. ದೇವರಾಣೆಗೂ ಎತ್ತಿದ್ದೆ. ಹಿಂದಿನಿಂದ ಅತ್ತೆ ನನ್ನ ಮುಂಗೈ ಹಿಡಿದರು. ಬೈಯಲಿಲ್ಲ, ಅಳುತ್ತಿದ್ದರು. "ಉಡಿ ಇಲ್ಲದ ದಾಟಬ್ಯಾಡ ಮಗಳ. ತಿರುಗಿ ಬಂದಾಗ ಈ ಬಾಗಲಾ ತಗಿಯೂ ಶಕ್ತಿ ನನಗಿಲ್ಲ" ಎಂದರು. ಒಳಗೆ ಮಾವ ಕೆಮ್ಮಿದ್ದು ಕೇಳಿಸಿತು. ನಮ್ಮವರು ಅಂಗಳದ ನಡುವೆ ನಿಂತು ತಮ್ಮ ಕಾಲಬೆರಳು ನೋಡುತ್ತಿದ್ದರು. ಜಗತ್ತಿನಲ್ಲಿರುವ ಸಿಟ್ಟೆಲ್ಲ ನನ್ನ ಮೈಯಲ್ಲಿತ್ತು, ಕಾಲೊಂದು ಮಾತ್ರ ಮುಂದೆ ಹೋಗಲಿಲ್ಲ. ಎತ್ತಿದ ಕಾಲನ್ನು ಒಳಗೇ ಇಟ್ಟೆ.

ಅಣ್ಣ ಇನ್ನೊಂದು ತಾಸು ಕಾದ. ಆಮೇಲೆ ಖಾಲಿ ಗಾಡಿ ಹೊಡೆಸಿಕೊಂಡು ಹೋದ. ಗಾಡಿಯ ಗಾಲಿಗಳ ಸದ್ದು ಓಣಿಯ ತಿರುವಿನ ತನಕ ಕೇಳಿಸುತ್ತಿತ್ತು. ನಾನು ಬಾಗಿಲಲ್ಲೇ ಕೂತೆ. ಅತ್ತೆ ಪರಾತದ ಅಕ್ಕಿಯನ್ನು ಮತ್ತೆ ಗಡಿಗೆಗೆ ಸುರಿದರು.

ಹನ್ನೆರಡನೇ ದಿನ ಬೆಳಿಗ್ಗೆ ಇಲಕಲ್ಲಿನಿಂದ ತಟ್ಟು ಕುದುರೆಯ ಮೇಲೆ ಒಬ್ಬ ಬಂದ. ಬೇವಿನ ಮರದ ಹತ್ತಿರವೇ ಇಳಿದು ತಲೆಯ ರುಮಾಲು ತೆಗೆದ. ಅಷ್ಟು ನೋಡಿದ್ದೇ ಸಾಕಾಯಿತು.

ಈಗ ಕೇಳಿರಿ. ಸಾವಿನ ಸುದ್ದಿಗೆ ಕರೆ ಬೇಕಿಲ್ಲ. ಹೊಸ್ತಿಲು ದಾಟಿ ಕೇಳುವವರು ಬೇಕಿಲ್ಲ, ನೀರು ಕುಡಿಯಬೇಕಿಲ್ಲ, ಉಡಿ ಬೇಕಿಲ್ಲ. ಮಾವ ಬರಿಗಾಲಲ್ಲೇ ಓಡಿಹೋಗಿ ತಾವೇ ಎತ್ತು ಹೂಡಿದರು. ಗಾಡಿಯಲ್ಲಿ ತಾವೇ ಹುಲ್ಲು ಹಾಸಿದರು. "ಏಳವ್ವ, ತಡಾ ಮಾಡಬ್ಯಾಡ, ಏಳು" ಎಂದು ನನ್ನನ್ನು ಅವಸರ ಮಾಡಿದರು. ಹನ್ನೆರಡು ದಿನದ ಹಿಂದೆ ಒಂದು ಹೆಜ್ಜೆ ದಾಟಲಾಗದ ಬಾಗಿಲನ್ನು ಅಂದು ಹೇಗೆ ದಾಟಿದೆ ಎನ್ನುವುದು ನನಗೆ ನೆನಪೇ ಇಲ್ಲ.

ಶಿರೂರಿನಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತಾಗ ಮಾವ ನನಗೊಂದು ತಂಬಿಗೆ ನೀರು ತಂದರು. "ನಾ ಹೊರಗ ಬರಬೇಕಾಗಿತ್ತವ್ವ" ಎಂದರು. ಹೊರಡುವಾಗ ಏಳವ್ವ ಎಂದು ಅವಸರಿಸಿದ್ದು ಬಿಟ್ಟರೆ ಮಾವ ಸೊಸೆಯ ಜೊತೆ ನೇರವಾಗಿ ಮಾತಾಡಿದ್ದು ಅದೇ ಮೊದಲು. ನಾನು ನೀರು ಕುಡಿಯಲಿಲ್ಲ. ನಮ್ಮವರು ಏನೋ ಸಮಾಧಾನ ಹೇಳಲು ಬಂದರು, "ನೀವು ಬಾಯಿ ಮುಚ್ಚಕೊಂಡು ಕುಂದರ್ರಿ" ಎಂದೆ. ಅದು ಸಿಟ್ಟಾಗಿತ್ತೋ ಅಲ್ಲವೋ ಗೊತ್ತಿಲ್ಲ, ಏನನ್ನಬೇಕೆಂದೂ ತಿಳಿಯದು.

ಹುನಗುಂದ ದಾಟಿ ಇಲಕಲ್ಲು ಸೇರುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿ ಆಗಿತ್ತು. ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಮಾವ ಗಾಡಿಯಿಂದ ಇಳಿದವರೇ ಯಾರೂ ಕರೆಯದೆ ಒಳಗೆ ಹೋಗಿ ಅಣ್ಣನ ಪಕ್ಕದಲ್ಲಿ ಕೂತರು. ಸಾವಿನ ಮನೆಯಲ್ಲಿ ಜಗಳ ಹಿಡಿಯಬಾರದು ಎನ್ನುವುದು ಪದ್ಧತಿ. ಅಣ್ಣ ಅವರ ಕೈ ಹಿಡಿದುಕೊಂಡು ಅತ್ತ. ನಾನು ಒಳಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಇಬ್ಬರೂ ಒಂದೇ ಚಂಚಿಯ ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದರು.

ಅಣ್ಣನ ಹೆಂಡತಿ ನನ್ನನ್ನು ಮಗ್ಗದ ಕೋಣೆಗೆ ಕರೆದೊಯ್ದಳು. ನಾನು ಅವಳ ಹೆಗಲು ಹಿಡಿದು ಕೇಳಿದೆ, "ಅವ್ವ ನನ್ನ ಕೇಳಿದಳೇನ ವೈನಿ?"

ಅವಳು ಬಾಗಿಲ ಕಡೆ ನೋಡಿದಳು.

"ಗಾಡಿ ಖಾಲಿ ಬಂದ ದಿನ ಕೇಳಿದ್ರು. ತಾವ ಹೊಸ್ತಲಾ ತುಳೀಲಿಲ್ಲಂತ ಅವ್ವನ ಮುಂದ ಹೇಳಾಕ ನಿಮ್ಮಣ್ಣಾರಿಗೆ ಬಾಯಿ ಬರಲಿಲ್ಲ. ಪಂಚಮಿಗೆ ಬಿಟ್ಟ ಬಂದದ್ದಕ್ಕ ಆಕಿಗೆ ನಮ್ಮ ಮ್ಯಾಲೆ ಸಿಟ್ಟೈತಿ, ಕರದ್ರೂ ಬರಲಿಲ್ಲ ಅಂತ ಹೇಳಿಬಿಟ್ರು."

"ಅವ್ವ ಏನಂದಳು?"

"ನಕ್ಕರು. ಆಕಿ ಸಿಟ್ಟ ನನಗ ಗೊತ್ತಿಲ್ಲೇನ, ಯಾರೂ ಒತ್ತಾಯ ಮಾಡಬ್ಯಾಡ್ರಿ, ಇಳದ ಮ್ಯಾಲೆ ತಾನ ಬರ್ತಾಳ ಅಂದ್ರು. ಮತ್ತ ಕೇಳಲಿಲ್ಲ."