ಗೇಟಿನ ಬಳಿ ಹೇಳಿದ ಸುಳ್ಳು

ಅವರಿಗೆ ಎಡಗಡೆಯ ಹುಬ್ಬು ಇರಲಿಲ್ಲ. ಪ್ರಾಯದಲ್ಲಿದ್ದಾಗ ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆಯುವ ಪೇಂಟ್ ಶಾಪಿಗೆ ಬೆಂಕಿ ಬಿದ್ದಾಗ ಸುಟ್ಟದ್ದು, ಮತ್ತೆ ಬೆಳೆಯಲೇ ಇಲ್ಲವಂತೆ. ಆ ಕಡೆಯ ಹಣೆ ಹುಣಸೆ ಬೀಜದಂತೆ ನುಣ್ಣಗೆ ಹೊಳೆಯುತ್ತಿತ್ತು. ವಿಮಾನಪುರದ ಹಿಂದಿನ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಸೇಫ್ಟಿ ಸಾಹೇಬರು ಎನ್ನುತ್ತಿದ್ದರು. ಮೂವತ್ತು ವರ್ಷ ಫ್ಯಾಕ್ಟರಿಯ ಫೈರ್ ಅಂಡ್ ಸೇಫ್ಟಿಯಲ್ಲಿ ದುಡಿದು ರಿಟೈರ್ ಆದವರು. ನಮ್ಮ ಯಜಮಾನರೂ ಅದೇ ಫ್ಯಾಕ್ಟರಿಯವರು.

ರಿಟೈರ್ ಆದದ್ದು ಕೆಲಸದಿಂದ ಮಾತ್ರ, ಸ್ವಭಾವದಿಂದಲ್ಲ. ಕಲ್ಯಾಣ ಮಂಟಪಕ್ಕೆ ಕರೆದರೆ ಊಟಕ್ಕೆ ಕೂರುವ ಮೊದಲು ಹಿಂಬಾಗಿಲು ಎಲ್ಲಿದೆ ಎಂದು ನೋಡಿಕೊಂಡು ಬರುತ್ತಿದ್ದರು. ನಮ್ಮ ಅಡಿಗೆಮನೆಗೆ ಬಂದು ಗ್ಯಾಸ್ ಪೈಪಿನ ಮೇಲಿನ ತಾರೀಖು ಓದಿ, "ಇದು ಬದಲಾಯಿಸ್ಬೇಕಮ್ಮ" ಎಂದು ಹೇಳಿಯೇ ಕಾಫಿ ಲೋಟಕ್ಕೆ ಕೈ ಹಾಕುತ್ತಿದ್ದರು. ನಾನು ಬಾಯಿಬಡುಕಿ. ಅವರು ಗೇಟು ತೆಗೆಯುವುದು ಕಂಡರೆ ಸಾಕು, "ಬಂದ್ರಪ್ಪ ಯಮನ ಏಜೆಂಟು" ಎಂದು ಯಜಮಾನರ ಕಿವಿಯಲ್ಲಿ ಉಸುರುತ್ತಿದ್ದೆ. ಈಗ ಆ ಮಾತು ನೆನೆದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತದೆ.

ಕೊರೋನ ಬಂದ ಮೊದಲ ವರ್ಷವೇ ಅವರು ಬೀದಿಯಲ್ಲಿ ಅರವತ್ತು ದಾಟಿದವರ, ಸಕ್ಕರೆ, ಬಿ.ಪಿ., ಆಸ್ತಮ ಇದ್ದವರ ಪಟ್ಟಿ ಮಾಡಿದರು. ನಮ್ಮ ಯಜಮಾನರಿಗೆ ಸಕ್ಕರೆಯೂ ಇತ್ತು, ಆಸ್ತಮವೂ ಇತ್ತು, ಹಾಗಾಗಿ ಪಟ್ಟಿಯಲ್ಲಿ ನಮ್ಮದೇ ಮೊದಲ ಮನೆ. ಪ್ರತಿ ಮನೆಯವರೂ ಒಂದು ಬ್ಯಾಗು ಕಟ್ಟಿ ಬಾಗಿಲ ಪಕ್ಕ ಇಡಬೇಕು ಎಂದರು. ಅದರಲ್ಲಿ ಆಧಾರ್ ಕಾಪಿ, ಹಳೆಯ ರಿಪೋರ್ಟುಗಳು, ಮಾತ್ರೆಗಳ ಹೆಸರು ಬರೆದ ಚೀಟಿ, ಚಾರ್ಜರ್, ಎರಡು ಜೊತೆ ಬಟ್ಟೆ. ಆಮೇಲೆ ಫ್ಯಾಕ್ಟರಿಯಲ್ಲಿ ಮಾಡಿಸುತ್ತಿದ್ದಂತೆ ನಮಗೂ ಡ್ರಿಲ್ಲು! ಬೀದಿಯ ನಡುವೆ ನಿಂತು ಸೀಟಿ ಊದುವರು, ನಾವು ಎರಡು ನಿಮಿಷದೊಳಗೆ ಬ್ಯಾಗು ಹಿಡಿದು ಗೇಟಿಗೆ ಬರಬೇಕು. ಮಂಡಿನೋವಿನ ಹೆಂಗಸರೆಲ್ಲ ಬ್ಯಾಗು ಹಿಡಿದು ಕುಂಟುತ್ತ ಬರುವುದನ್ನು ನೋಡಿ ನಗುತ್ತಿದ್ದೆವು. ಅವರು ಮಾತ್ರ ನಗುತ್ತಿರಲಿಲ್ಲ.

"ಭಯ ಇರ್ಲಮ್ಮ, ಗಾಬರಿ ಬೇಡ. ಭಯ ಇದ್ದೋನು ಮೊದಲೇ ದಾರಿ ನೋಡ್ಕೊಂಡಿರ್ತಾನೆ. ಗಾಬರಿ ಆದೋನು ಹೊಗೆಯೊಳಗೆ ಬಾಗಿಲು ಹುಡುಕ್ತಾನೆ" ಎನ್ನುತ್ತಿದ್ದರು.

ನಾನು ಮಾಡಿದ್ದೇನು? ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟರೆ ಮನೆಯಿಂದ ಯಾರನ್ನೋ ಕಳಿಸಿಕೊಡುವುದಕ್ಕೆ ಕಟ್ಟಿಟ್ಟ ಹಾಗೆ ಎಂದು ನನ್ನ ಮನಸ್ಸಿಗೆ ಬಂತು. ಬಂದ ಮೇಲೆ ಹೋಗಲಿಲ್ಲ. ಬೆಳಗ್ಗೆ ಎದ್ದು ರಂಗೋಲಿಗೆ ಹೊರಟರೆ ಮೊದಲು ಕಾಣುವುದು ಆ ಬ್ಯಾಗೇ. ಮೊದಲ ಅಲೆ ಇಳಿದು ಡ್ರಿಲ್ಲು ನಿಂತಿತಲ್ಲ, ಒಂದು ಶುಕ್ರವಾರ ಅದರಲ್ಲಿದ್ದುದನ್ನೆಲ್ಲ ತೆಗೆದು ಬೀರು, ಮಂಚದ ಕೆಳಗಿನ ಪೆಟ್ಟಿಗೆ, ದೇವರ ಮನೆಯ ಗೂಡು ಎಂದು ಸಿಕ್ಕಸಿಕ್ಕಲ್ಲಿ ತುರುಕಿದೆ. ಬ್ಯಾಗನ್ನು ತರಕಾರಿಗೆ ಇಟ್ಟುಕೊಂಡೆ.

ಎರಡನೇ ಅಲೆ ಬಂದಾಗ ನಗು ಎಲ್ಲಿಂದ ಬರಬೇಕು? ಹಗಲಿಡೀ ಆಂಬುಲೆನ್ಸಿನ ಕೂಗು. ನಮ್ಮ ಕಡೆ ತಿರುಗಿತೋ ಮುಂದೆ ಹೋಯಿತೋ ಎಂದು ಕಿವಿಗೊಟ್ಟು ಕೂರುವುದು, ಮುಂದೆ ಹೋದರೆ ಉಸಿರು ಬಿಡುವುದು, ಹಾಗೆ ಬಿಟ್ಟದ್ದಕ್ಕೆ ನಾಚುವುದು. ಮೂಲೆ ಮನೆಯ ಗಂಡ ಹೆಂಡತಿ ಇಬ್ಬರನ್ನೂ ಕರೆದೊಯ್ದರು, ವಾಪಸು ಬಂದದ್ದು ಆಕೆ ಒಬ್ಬರೇ. ಗಂಡನ ಮುಖವನ್ನು ಕೊನೆಗೆ ಫೋನಿನಲ್ಲಿ ಯಾರೋ ತೋರಿಸಿದರಂತೆ. ಅದನ್ನು ಕೇಳಿದ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ.

ಅದಾಗಿ ವಾರಕ್ಕೆ ಅವರಿಗೇ ಜ್ವರ ಬಂತು. ಪಾಸಿಟಿವ್ ಎಂದಾಯಿತು. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ಇಬ್ಬರೇ. ಆಕ್ಸಿಜನ್ ತೊಂಬತ್ತನಾಲ್ಕರ ಮೇಲೆ ಇರುವ ತನಕ ಮನೆಯಲ್ಲೇ ಇರಲಿ, ಕೆಳಗಿಳಿದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಬೆರಳಿಗೆ ಸಿಕ್ಕಿಸಿ ನೋಡುವ ಮಿಷಿನ್ನು ನಮ್ಮಲ್ಲೇ ಇತ್ತು. ಸೇಫ್ಟಿ ಸಾಹೇಬರು ಬೆಳಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಗೇಟಿನ ಆಚೆ ನಿಂತು ಕೂಗುವರು, ನಾನು ಒಳಗಿಂದ ಆಕ್ಸಿಜನ್, ಪಲ್ಸು ಎರಡೂ ಸಂಖ್ಯೆ ಹೇಳಬೇಕು, ಅವರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಯಾರೂ ಯಾರ ಗೇಟನ್ನೂ ದಾಟಬಾರದು ಎಂಬ ನಿಯಮ ಮಾಡಿದವರೂ ಅವರೇ. ಅವರಿಗೂ ಅರವತ್ತೆಂಟು ವಯಸ್ಸು, ಹೃದಯಕ್ಕೆ ಎರಡು ಸ್ಟೆಂಟ್ ಹಾಕಿಸಿಕೊಂಡಿದ್ದರು.

ನಾಲ್ಕನೇ ದಿನ ಬೆಳಗ್ಗೆ ತೊಂಬತ್ತೊಂದು ತೋರಿಸಿತು. ಯಜಮಾನರು ನನ್ನ ಸೆರಗು ಹಿಡಿದುಕೊಂಡರು. ನಲವತ್ತು ವರ್ಷದಲ್ಲಿ ನನ್ನ ಮುಂದೆ ಒಮ್ಮೆಯೂ ಅತ್ತವರಲ್ಲ.

"ಅಲ್ಲಿಗೆ ಕಳಿಸ್ಬೇಡ ಕಣೆ. ಹೋದ್ರೆ ನಾನು ವಾಪಸ್ ಬರಲ್ಲ. ಇಲ್ಲೇ, ನಿನ್ನ ಕಣ್ಮುಂದೆ ಏನಾದ್ರೂ ಆಗ್ಲಿ."

ಹೊರಗಿಂದ ದನಿ ಬಂತು. "ಅಮ್ಮಾ, ರೀಡಿಂಗ್!"

ನಾನು ಮಿಷಿನ್ನನ್ನು ಅವರ ಬೆರಳಿಂದ ತೆಗೆದು ನನ್ನ ಬೆರಳಿಗೆ ಸಿಕ್ಕಿಸಿಕೊಂಡೆ. ಬಂದದ್ದನ್ನು ಕೂಗಿದೆ. ಸಂಜೆಯೂ ಹಾಗೇ ಮಾಡಿದೆ. ಅಷ್ಟು ಹೊತ್ತಿಗೆ ಅವರ ನಿಜವಾದ ಸಂಖ್ಯೆ ಇನ್ನೂ ಇಳಿದಿತ್ತು, ಮಾತಿಗೊಮ್ಮೆ ಏದುಸಿರು ಬಿಡುತ್ತಿದ್ದರು. ಮಂಜುನಾಥ ಸ್ವಾಮಿಗೆ ಹರಕೆ ಹೊತ್ತೆ, ಅರಿಶಿನದ ಹಾಲು ಕೊಟ್ಟೆ, ಹಬೆ ಕೊಟ್ಟೆ. ಸುಳ್ಳೊಂದು ಬಿಟ್ಟು ಬೇರೆ ಯಾವುದರಿಂದಲೂ ನನಗೆ ಧೈರ್ಯ ಬರಲಿಲ್ಲ.

ಮರುದಿನ ಬೆಳಗ್ಗೆ ಮತ್ತೆ ಕೂಗಿದೆ. "ತೊಂಬತ್ತೇಳು ಸಾರ್! ಪಲ್ಸು ಎಪ್ಪತ್ತೆರಡು!"

ಆಚೆ ನೋಟ್‌ಬುಕ್ಕಿನ ಹಾಳೆ ತಿರುವಿದ್ದು ಕೇಳಿಸಿತು.

"ಜ್ವರ ಎಷ್ಟಿದೆಯಮ್ಮ?"

"ನೂರೆರಡು ಸಾರ್."

"ನೂರೆರಡು ಜ್ವರ ಇರೋ ಮನುಷ್ಯನಿಗೆ ಪಲ್ಸು ಎಪ್ಪತ್ತೆರಡು ಇರಲ್ಲಮ್ಮ." ಆಮೇಲೆ ಕೇಳಿದರು. "ಬೆರಳು ಯಾರದ್ದು?"

ಉತ್ತರ ಹೇಳುವ ಮೊದಲೇ ಗೇಟು ಕಿರ್ರೆಂದಿತು. ಎರಡು ಮಾಸ್ಕು ಹಾಕಿಕೊಂಡು ಒಳಗೆ ಬಂದೇಬಿಟ್ಟರು. "ಬರಬೇಡಿ ಸಾರ್, ನಿಮಗೆ ಅಂಟುತ್ತೆ" ಎಂದು ಅಡ್ಡ ನಿಂತೆ. ನನ್ನನ್ನು ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಯಜಮಾನರ ಬೆರಳು ಹಿಡಿದು ನೋಡಿದರು. ಎಂಬತ್ತಾರು. ಕಿಟಕಿಗಳನ್ನೆಲ್ಲ ತೆಗೆಸಿದರು, ಅವರನ್ನು ಬೋರಲು ಮಲಗಿಸಿದರು. ಸಹಾಯವಾಣಿಗೆ ಹಚ್ಚಿದರು, ಅದು ಸಿಗಲಿಲ್ಲ. ಹಳೆಯ ಪರಿಚಯದ ಡ್ರೈವರೊಬ್ಬನನ್ನು ಹಿಡಿದರು, ಅವನ ಮೂಲಕ ಇಂದಿರಾನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತು ಮಾಡಿದರು. ಮುಕ್ಕಾಲು ಗಂಟೆಯೊಳಗೆ ಬಂದರೆ ನಿಮಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದರಂತೆ.

ಗಾಡಿ ಹತ್ತೇ ನಿಮಿಷದಲ್ಲಿ ಬಂದು ನಿಂತಿತು. "ಬ್ಯಾಗ್ ತನ್ನಿಯಮ್ಮ" ಎಂದರು.

ಬ್ಯಾಗಿನಲ್ಲಿ ಹೀರೇಕಾಯಿ ಇತ್ತು.

ಆಧಾರ್ ಬೀರುವಿನಲ್ಲಿ ಸಿಕ್ಕಿತು. ಆಸ್ತಮದ ರಿಪೋರ್ಟು ಸಿಗಲಿಲ್ಲ, ಕೊರೋನ ರಿಪೋರ್ಟು ಬಂದಿದ್ದ ಫೋನಿಗೆ ಚಾರ್ಜ್ ಇರಲಿಲ್ಲ, ಮಾತ್ರೆಗಳ ಹೆಸರು ಒಂದೂ ನೆನಪಿಗೆ ಬರಲಿಲ್ಲ. ಕಾಗದವಿಲ್ಲದೆ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ ಎಂದು ಡ್ರೈವರ್ ಹೊರಗಿಂದ ಕೂಗುತ್ತಿದ್ದ. ನಾನು ಮಂಚದ ಕೆಳಗಿನ ಪೆಟ್ಟಿಗೆ ಬೋರಲು ಹಾಕಿ ಗೋಳೋ ಎನ್ನುತ್ತ ಹುಡುಕಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷವೂ ಸಾಹೇಬರು ಆ ಚಿಕ್ಕ ಕೋಣೆಯಲ್ಲಿ ಮಂಚದ ಪಕ್ಕ ಕೂತಿದ್ದರು. ಯಜಮಾನರು ಕೆಮ್ಮಿ ಕೆಮ್ಮಿ ಏಳಲು ಹೋದಾಗಲೆಲ್ಲ ಬೆನ್ನು ಸವರಿ, ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದರು. "ನಿಧಾನಕ್ಕೆ ತಗೊಳ್ಳಿ ಗುರು, ನಿಧಾನಕ್ಕೆ ಬಿಡಿ. ನಾನಿಲ್ಲೇ ಇದೀನಿ."

ಯಜಮಾನರು ಹದಿನಾರು ದಿನ ಆಸ್ಪತ್ರೆಯಲ್ಲಿದ್ದರು. ಇನ್ನು ಆರು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು.

ಐದನೇ ದಿನಕ್ಕೆ ಸೇಫ್ಟಿ ಸಾಹೇಬರಿಗೆ ಜ್ವರ ಎಂದು ಗೊತ್ತಾಯಿತು. ಫೋನ್ ಮಾಡಿದೆ. ಬರೀ ಅತ್ತೆ. "ಅಳ್ಬೇಡಮ್ಮ. ಯಜಮಾನ್ರು ಹೇಗಿದಾರೆ? ಎಷ್ಟಿದೆ ಈಗ?" ಎಂದು ಅವರೇ ಕೇಳಿದರು. ತೊಂಬತ್ಮೂರಕ್ಕೆ ಏರಿದೆ ಸಾರ್ ಎಂದೆ. "ನಿಜ ತಾನೇ?" ಎಂದರು. ನಿಜ ಸಾರ್, ದೇವರಾಣೆಗೂ ಎಂದೆ. ಅದೇ ಕೊನೆಯ ಮಾತು. ಮರುದಿನ ಅವರು ತಾವೇ ನಡೆದು ಹೋಗಿ ಆಂಬುಲೆನ್ಸ್ ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಯಜಮಾನರು ಮನೆಗೆ ಬರುವ ಎರಡು ದಿನ ಮೊದಲು ಅವರು ಹೋಗಿಬಿಟ್ಟರು.

ಆ ದಿನಗಳಲ್ಲಿ ಗಾಳಿಯಲ್ಲೇ ರೋಗವಿತ್ತು, ಅವರಿಗೆ ಎಲ್ಲಿ ಬೇಕಾದರೂ ಅಂಟಿರಬಹುದು ಎಂದು ಯಜಮಾನರು ಹೇಳುತ್ತಾರೆ. ಇರಬಹುದು. ತೊಂಬತ್ತೊಂದು ತೋರಿಸಿದ ದಿನವೇ ನಾನು ನಿಜ ಕೂಗಿದ್ದರೆ ಅವರು ರಸ್ತೆಯಲ್ಲೇ ನಿಂತು ಫೋನು ಮಾಡುತ್ತಿದ್ದರು. ಗೇಟು ದಾಟುವ ಕೆಲಸವೇ ಇರುತ್ತಿರಲಿಲ್ಲ. ಇಷ್ಟು ಲೆಕ್ಕ ನನಗೂ ಬರುತ್ತದೆ.

ಲಾಕ್‌ಡೌನ್ ತೆಗೆದ ಮೇಲೆ ಅವರ ಹೆಂಡತಿಯ ಹತ್ತಿರ ಎಲ್ಲ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿ ಹೋದೆ. ಆಕೆ ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲು ಅವರೇ ಶುರು ಮಾಡಿದರು.

"ಅವತ್ತು ನಿಮ್ಮ ಮನೆಯಿಂದ ಬಂದೋರು ಸ್ನಾನ ಮಾಡಿ ಹೊರಗಡೆ ಕೂತು ಹೇಳಿದ್ರು. ಅವ್ರ ಮಿಷಿನ್ ಕೆಟ್ಟೋಗಿತ್ತು ಕಣೆ, ತಪ್ಪು ತಪ್ಪು ತೋರಿಸ್ತಿತ್ತು, ಪಾಪ ಆ ಹೆಣ್ಮಗಳಿಗೇನು ಗೊತ್ತಾಗುತ್ತೆ, ಅಂತ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಮಿಷಿನ್ ಮಾಡಿದೋರ ಮನೆ ಹಾಳಾಗ! ಅದೊಂದು ಸರಿಯಾಗಿದ್ದಿದ್ರೆ ನಮ್ಮೋರು ಇವತ್ತು ಇರ್ತಿದ್ರು."

ನಾನು ಕಾಫಿ ಕುಡಿದೆ. ಹೂಂ ಎಂದೆ. ಎದ್ದು ಬಂದೆ.

ಆಮೇಲೆಯೂ ಎಷ್ಟೋ ಸಲ ಹೋಗಿದ್ದೇನೆ. ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ಬಂದಿದ್ದೇನೆ, ಅವರ ಕಣ್ಣಿನ ಆಪರೇಷನ್ನಿಗೆ ಜೊತೆಗೆ ಹೋಗಿ ಕೂತಿದ್ದೇನೆ. ಪ್ರತಿ ಸಲವೂ ಹೇಳದೆ ವಾಪಸು ಬಂದಿದ್ದೇನೆ. ಈಗ ಅವರ ಕಣ್ಣು ಚೆನ್ನಾಗಿ ಕಾಣುತ್ತದೆ, ಸಿಕ್ಕಿದ್ದನ್ನೆಲ್ಲ ಓದುತ್ತಾರೆ. ಈಗ ಬರೆದಿರುವ ಇದನ್ನು ಅಚ್ಚು ಹಾಕಿಸಿ ನಾನೇ ಅವರ ಕೈಗೆ ಕೊಡುತ್ತೇನೆ.

ಅಕ್ಕಾ, ಆ ಮಿಷಿನ್ನು ಸರಿಯಾಗೇ ಇತ್ತು.