ಎಲ್ಲರೂ ಕೂಡಿ ಸಮುದ್ರಕ್ಕೆ

ಯರಗುಪ್ಪಿಯಿಂದ ಕಾರವಾರಕ್ಕೆ ಹೋಗಲು ಎಷ್ಟು ದಾರಿಗಳಿವೆ ಎಂದು ನನ್ನನ್ನು ಕೇಳಿ, ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಹತ್ತಿರ ಹತ್ತಿರ ಒಂದು ವರ್ಷ ನಮ್ಮ ಮನೆಯ ಕಟ್ಟೆಯ ಮೇಲೆ ಅದೊಂದೇ ಮಾತು. ಆ ಮಾತು ಮುಗಿಯುವ ಹೊತ್ತಿಗೆ ನನ್ನ ಅಕ್ಕನ ಕಣ್ಣು ಹೋಗಿತ್ತು.

ಅಕ್ಕ ನನಗಿಂತ ಬಹಳ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ನಮ್ಮ ಪಡಸಾಲೆಯಲ್ಲಿ ಕೂತು ಕೌದಿ ಹೊಲಿಯುತ್ತಿದ್ದಳು. ಹಳೇ ಸೀರೆ, ಹರಿದ ಧೋತರ, ಮಕ್ಕಳ ಅಂಗಿಯ ತುಂಡು ಏನು ತಂದುಕೊಟ್ಟರೂ ಒಂದಕ್ಕೊಂದು ಜೋಡಿಸಿ ಹೊದೆಯುವಂತೆ ಮಾಡುತ್ತಿದ್ದಳು. ಓಣಿಯಲ್ಲಿ ಅವಳ ಕೌದಿ ಇಲ್ಲದ ಮನೆಯೇ ಇಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಹತ್ತಿ ಸೂಜಿಗೆ ದಾರ ಪೋಣಿಸುವುದು ಆಗದಾದಾಗ, ಬಾಜೂ ಮನೆಯ ಚಾಚಿ ಬೆಳಿಗ್ಗೆ ಬಂದು ಒಂದು ಹಿಡಿ ಸೂಜಿಗೆ ದಾರ ಪೋಣಿಸಿ, ಕೌದಿಯ ಅಂಚಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ಅಕ್ಕ ಅವನ್ನು ಕೈಯಿಂದ ತಡವಿ ತೆಗೆದುಕೊಂಡು ದಿನವಿಡೀ ಹೊಲಿಯುತ್ತಿದ್ದಳು.

ಶ್ರಾವಣದಲ್ಲಿ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿ, “ಇದ್ದದ್ದನ್ನ ಉಳಿಸೂದೂ ಕಠಿಣ ಐತ್ರಿ. ಏನರ ನೋಡೂದಿದ್ರ ಈಗ ನೋಡಿಬಿಡ್ರಿ” ಎಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಅಳಲಿಲ್ಲ. ಕುಂದಗೋಳ ದಾಟಿದ ಮೇಲೆ, “ತಮ್ಮಾ, ನಾ ಸಮುದ್ರ ನೋಡಿಲ್ಲ” ಎಂದಳು.

“ನಾಳೇನ ಹೋಗೂಣು ನಡಿ” ಎಂದೆ.

“ಓಣ್ಯಾಗ ಕೇಳದ ಹೆಂಗ ಹೋಗೂದು?”

ಇದು ನಮ್ಮ ಕಡೆಯ ಪದ್ಧತಿ. ಗುಡ್ಡಕ್ಕೋ ಮಠಕ್ಕೋ ದೂರದ ಊರಿಗೆ ಹೊರಟವರು ಓಣಿಯ ಬಾಗಿಲು ಬಾಗಿಲಿಗೆ ಹೋಗಿ, “ನಾವು ಹೊಂಟೀವಿ, ಬರ್ತೀರೇನು?” ಎಂದು ಕೇಳಬೇಕು. ಬರಲಾಗದವರು, “ನೀವು ಹೋಗಿ ಬರ್ರಿ, ನಮ್ಮ ಪಾಲಿಂದೂ ಒಂದು ಕಾಯಿ ಒಡಸ್ರಿ” ಎನ್ನುತ್ತಾರೆ. ಅಲ್ಲಿಗೆ ಎರಡೂ ಕಡೆಯವರ ಮನಸ್ಸು ಹಗುರ. ಆದರೆ ಸಮುದ್ರ ದೇವರಲ್ಲ. ಅದನ್ನು ಒಬ್ಬರ ಪಾಲಿಗೆ ಇನ್ನೊಬ್ಬರು ನೋಡಿಬರಲು ಆಗುವುದಿಲ್ಲ. ಹೀಗಾಗಿ ಅಕ್ಕ ಕೇಳಿದ ಬಾಗಿಲಲ್ಲೆಲ್ಲ ಒಂದೇ ಉತ್ತರ ಬಂತು: “ನಾವೂ ಬರ್ತೀವಿ, ತಡೀರಿ.” ತಡೀರಿ ಎಂದವರನ್ನು ಬಿಟ್ಟು ಹೋಗುವಂತಿಲ್ಲ. ಡಾಕ್ಟರು ಹೇಳಿದ್ದನ್ನು ಯಾರಿಗೂ ಹೇಳಬಾರದೆಂದು ಅಕ್ಕ ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಹೇಳಿದರೆ ಅವರಿಗೆ ಒತ್ತಾಯ ಮಾಡಿದಂತೆ ಆಗುತ್ತದಂತೆ! ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆವತ್ತು ಉಣ್ಣುತ್ತಿದ್ದ ತಾಟು ಬಿಟ್ಟು ಎದ್ದುಹೋದೆ.

ಆಮೇಲೆ ಕಟ್ಟೆಯ ಪಂಚಾಯ್ತಿ ಸುರುವಾಯಿತು. ಸರಕಾರಿ ಬಸ್ಸಾದರೆ ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ ಘಟ್ಟ ಇಳಿದು ಅಂಕೋಲಾ, ಅಲ್ಲಿಂದ ಕಾರವಾರ. ನೆಟ್ಟಗಿನ ದಾರಿ. ಆದರೆ ನಮ್ಮ ಬಯಲು ಸೀಮೆಯ ಹೆಂಗಸರಿಗೆ ಕಲಘಟಗಿ ಬರುವುದರೊಳಗೇ ಹೊಟ್ಟೆ ತೊಳಸುತ್ತದೆ, ಘಟ್ಟದ ಮಾತು ದೂರವೇ ಉಳಿಯಿತು. ರೈಲಾದರೆ ಆರಾಮ ಎಂದ ಮೂಲೆ ಮನೆಯ ಕಾಕಾ. ಆತ ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಲೋಂಡಾ ಮೇಲೆ ಗೋವಾಕ್ಕೆ ಹೋಗಿ, ಮಡಗಾಂವದಲ್ಲಿ ಗಾಡಿ ಬದಲಿಸಿ ಮತ್ತೆ ಕೆಳಗೆ ಬರಬೇಕು. ಬುತ್ತಿಗಂಟು, ಮಕ್ಕಳು, ಮುದುಕಿಯರನ್ನು ಕಟ್ಟಿಕೊಂಡು ಗಾಡಿ ಬದಲಿಸುವುದೆಂದರೆ ಯಾರೋ ಒಬ್ಬರು ಗೋವಾದಲ್ಲೇ ಉಳಿಯುತ್ತಾರೆ ಎಂದು ಎಲ್ಲರೂ ನಕ್ಕರು.

“ಹಂಗಾರ ಅಂಕೋಲಾ ಲೈನ್ ಆಗೂತನಾ ತಡೀರಿ” ಎಂದ ಕಾಕಾ. ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಬರುತ್ತದೆಂದು ನಮ್ಮಪ್ಪನೂ ಕೇಳುತ್ತ ಕೂತಿದ್ದ, ನಾವೂ ಕೇಳುತ್ತ ಕೂತಿದ್ದೇವೆ. ಮತ್ತೊಮ್ಮೆ ನಗು. ಅಕ್ಕನೂ ನಕ್ಕಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ಕ್ರೂಸರ್ ಜೀಪು ಬಾಡಿಗೆಗೆ ಮಾಡೋಣವೆಂದರೆ ಒಂದರಲ್ಲಿ ಹಿಡಿಸುವುದಿಲ್ಲ. ಎರಡು ಮಾಡಿದರೆ ಯಾರು ಯಾವುದರಲ್ಲಿ ಕೂರಬೇಕೆಂಬುದಕ್ಕೆ ಜಗಳ. ಕೊನೆಗೆ ಮಿನಿಬಸ್ಸೇ ಸೈ ಎಂದಾಯಿತು. ಅಷ್ಟರಲ್ಲಿ ಹತ್ತಿ ಬಿಡಿಸುವ ಕೆಲಸ ಬಂತು. ಹತ್ತಿ ಮುಗಿಯಲಿ ಎಂದರು. ಆಮೇಲೆ ಚಾಚಿಯ ಮಗಳು ಹೆರಿಗೆಗೆ ತವರಿಗೆ ಬಂದಳು.

ಅಕ್ಕನ ದೃಷ್ಟಿ ಇವರಾರಿಗಾಗಿಯೂ ತಡೆಯಲಿಲ್ಲ. ದೀಪಾವಳಿಗೆ ಜೋಳದಲ್ಲಿನ ಹರಳು ಕಾಣದಾಯಿತು. ಸಂಕ್ರಾಂತಿಗೆ ಬಾಗಿಲಲ್ಲಿ ನಿಂತವರು ಯಾರೆಂದು ಮಾತಾಡಿಸಿದ ಮೇಲೆ ತಿಳಿಯುತ್ತಿತ್ತು. ಒಂದು ದಿನ ಬೈಕ್ ಕಟ್ಟೆಗೆ ತಂದು ನಿಲ್ಲಿಸಿ, “ಯಕ್ಕಾ, ಹತ್ತು. ನಾವಿಬ್ಬರ ಹೋಗಿ ಬರೂಣು. ನಿನ್ನ ಕಾಲು ಬೀಳ್ತೀನಿ” ಎಂದೆ.

ಅವಳು ಬೈಕಿನ ಸೀಟನ್ನು ಸವರಿದಳು. ಒಂದು ಗಳಿಗೆ ಹತ್ತಿಯೇ ಬಿಡುತ್ತಾಳೆ ಅನ್ನಿಸಿತು.

“ನನಗ ಸೂಜಿ ಪೋಣಿಸಿ ಕೊಟ್ಟಾಕಿ ಅಕಿ. ಬಾಣಂತನ ಮಾಡ್ಕೋತ ಅಕಿ ಇಲ್ಲಿ ಕುಂದರಬೇಕು, ನಾ ಹೋಗಿ ಸಮುದ್ರ ನೋಡಿ ಬರಬೇಕು? ಆಗೂದಿಲ್ಲೋ ತಮ್ಮಾ. ಇನ್ನೊಂದೀಟ ತಡಿ.”

ಬಾಣಂತನ ಮುಗಿಯಿತು, ರಂಜಾನ್ ಉಪವಾಸ ಬಂತು. ಉಪವಾಸದಲ್ಲಿ ಚಾಚಿಗೆ ಪ್ರವಾಸ ಹೇಗೆ ಎಂದಳು ಅಕ್ಕ. ಉಪವಾಸ ಮುಗಿದ ಮೇಲೆ, ಯುಗಾದಿಯ ದಿನ ಬೇವು ಬೆಲ್ಲ ಕೊಡಲು ಅಕ್ಕನೇ ಎದ್ದಳು. ಚಾಚಿ ಅಂಗೈ ಚಾಚಿದ್ದಳು. ಅಕ್ಕ ಕೊಟ್ಟ ಬೇವು ಬೆಲ್ಲ ಅಂಗೈಗೆ ಬೀಳದೆ ನೆಲಕ್ಕೆ ಬಿತ್ತು. ಚಾಚಿ ಬಗ್ಗಿ ಅದನ್ನು ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು.

ಸಂಜೆ ನನ್ನನ್ನು ಹಿತ್ತಲ ಕಡೆ ಕರೆದು, “ಸೂಜಿ ಪೋಣಿಸೂದಷ್ಟ ಆಗೂದಿಲ್ಲ ಅಂತ ತಿಳದಿದ್ನಿ. ಅಕ್ಕಾರ ಕಣ್ಣು ಯಾವಾಗಿಂದ ಹಿಂಗ್ ಆಗೇತಿ?” ಎಂದಳು. ನನ್ನ ಆಣೆ ಗೀಣೆ ಎಲ್ಲ ಮಣ್ಣು ಮುಕ್ಕಲಿ ಎಂದು ಡಾಕ್ಟರು ಹೇಳಿದ್ದನ್ನು ಹೇಳಿಬಿಟ್ಟೆ. ಶ್ರಾವಣದಿಂದ ಅಕ್ಕ ಯಾರಿಗಾಗಿ ತಡೆದಳು ಎನ್ನುವುದನ್ನೂ ಹೇಳಿದೆ. ಮರುದಿನ ಚಾಚಿಯೇ ಮನೆಮನೆಗೆ ತಿರುಗಿ ಎಲ್ಲರನ್ನೂ ಬೈದು, ಗಂಡನನ್ನು ಮಿನಿಬಸ್ಸು ಹುಡುಕಲು ಅಟ್ಟಿದಳು. ಮದುವೆಗಳ ಕಾಲ, ಮೇ ಕೊನೆಯವರೆಗೆ ಒಂದು ಗಾಡಿಯೂ ಸಿಗಲಿಲ್ಲ. ಸಿಗುವ ಹೊತ್ತಿಗೆ ಅಕ್ಕನಿಗೆ ಬೆಳಕು ಯಾವ ಕಡೆಗಿದೆ ಎನ್ನುವುದೂ ಗೊತ್ತಾಗುತ್ತಿರಲಿಲ್ಲ.

ಆದರೂ ಹೋದೆವು. ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಕಿಟಕಿಯ ಬಳಿ ಕೂತಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಎಲ್ಲ ಮನೆಗಳಿಂದಲೂ ಬಂದಿದ್ದವು. ಘಟ್ಟದಲ್ಲಿ ಅರ್ಧ ಬಸ್ಸು ವಾಂತಿ ಮಾಡಿಕೊಂಡಿತು. ಅಕ್ಕನಿಗೆ ಏನೂ ಆಗಲಿಲ್ಲ. ದಾರಿಯ ತಿರುವು ಕಾಣದವರಿಗೆ ತಲೆ ತಿರುಗುವುದಿಲ್ಲವೇನೋ.

ಕಾರವಾರದಲ್ಲಿ ಇಳಿದಾಗ ಮೋಡ ಕವಿದಿತ್ತು. ಮಳೆಗಾಲ ಹತ್ತಿರ ಬಂದಿತ್ತು. ಸಮುದ್ರ ನಮ್ಮ ಎರೆಹೊಲದ ಬದುವಿನಲ್ಲಿ ನಿಂತ ನೀರಿನ ಹಾಗೆ ಕೆಸರುಬಣ್ಣಕ್ಕೆ ತಿರುಗಿತ್ತು. ಮಕ್ಕಳು ಓಡಿದರು. ದೊಡ್ಡವರು ಮರಳಿನ ಮೇಲೆ ಗುಂಪಾಗಿ ನಿಂತೇ ಇದ್ದರು, ಯಾರೂ ಮುಂದೆ ಹೋಗಲಿಲ್ಲ. ಚಾಚಿ ಅಕ್ಕನ ಕೈ ಹಿಡಿದು ಪಾದ ಮುಳುಗುವಷ್ಟು ನೀರಿಗೆ ಕರೆದುಕೊಂಡು ಹೋದಳು. ನಾನು ಹಿಂದೆಯೇ ನಿಂತೆ.

“ಅಕ್ಕಾರ,” ಎಂದಳು ಚಾಚಿ.

ಅಕ್ಕ ಮುಖ ಎತ್ತಿ, ಗಾಳಿ ಬರುವ ಕಡೆ ಬಹಳ ಹೊತ್ತು ನೋಡಿದಳು. “ಅಯ್ಯ, ಕಾಣ್ತೈತಲ್ಲವಾ! ಎಷ್ಟ ನೀಲಿ ಐತಿ!” ಎಂದಳು. “ತಡದಿದ್ದು ಛಲೋ ಆತು ನೋಡು. ಎಲ್ಲಾರೂ ಕೂಡಿ ನೋಡಿದ್ವಿ.”

ಚಾಚಿ ತಿರುಗಿ ನನ್ನ ಮುಖ ನೋಡಿದಳು. ಅವಳು ಮತ್ತೆ ಆ ಕೆಸರು ನೀರಿನ ಕಡೆ ತಿರುಗಿ, “ಹೌದ್ರಿ ಅಕ್ಕಾರ, ಅಗದಿ ನೀಲಿ ಐತಿ” ಎಂದಳು. ಹಿಂದಿದ್ದ ಕಾಕಾ, “ಹೌದವಾ, ನೀಲಿ ಐತಿ” ಎಂದ. ಓಣಿಯವರು ಒಬ್ಬೊಬ್ಬರಾಗಿ ಹೌದೆಂದರು. ನಾನೂ ಅಂದೆ. ಅಕ್ಕ ತಲೆಯಾಡಿಸುತ್ತ ನಗುತ್ತಿದ್ದಳು. ಚಾಚಿ ಹಿಡಿದ ಕೈ ಬಿಡದೆ, ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ತುರುಕಿಕೊಂಡು, ಅವಳಿಗೆ ಕೇಳಿಸದ ಹಾಗೆ ಅತ್ತಳು.