ಒರೆಸಿಹೋದ ಬ್ಯಾಂಕು

ಬೆಳಕು ಹರಿಯುವ ಮುಂಚೆ ಬೋರ್ಡಮ್ಮ ಹಾಲು ಕಾಯಿಸಬೇಕು, ರಾತ್ರಿಯ ಪಾತ್ರೆ ತೊಳೆಯಬೇಕು, ನೀರು ಹಿಡಿಯಬೇಕು, ಅತ್ತೆಗೆ ಬಿಸಿನೀರು ಕೊಡಬೇಕು, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಎಲ್ಲೂ ಕಳೆದುಹೋಗಿರದ ಅವನ ಕನ್ನಡಕವನ್ನು ಹುಡುಕಿಕೊಡಬೇಕು. ಇಷ್ಟಾದ ಮೇಲೂ ಒಂದಿಷ್ಟು ಕತ್ತಲೆ ಉಳಿದಿದ್ದರೆ ಅದು ಅವಳ ಸ್ವಂತದ್ದು.

ಅಂಗಡಿಗಳ ಬೋರ್ಡು ಬರೆಯುವುದು ಅವಳ ಕಸುಬು, ಬೀದಿಯವರು ಕರೆಯುವುದೂ ಹಾಗೇ. ಉಳಿಸಿಕೊಂಡ ಹೊತ್ತಿನಲ್ಲಿ ಒಂದು ತೈಲಚಿತ್ರ ಬರೆದಿದ್ದಳು. ಅಡುಗೆಮನೆಯ ಕಿಟಕಿಯ ಕದ ತೆರೆದರೆ ಅದರ ಗಾಜಿನಲ್ಲಿ ಅಡುಗೆಮನೆಯ ಪ್ರತಿಬಿಂಬದ ಮೇಲೆ ಪೇಟೆಯೇ ಬಂದು ಕೂರುತ್ತದೆ. ಬಸ್ಸು ಕುಕ್ಕರಿನ ಮೇಲೆ ಹತ್ತಿ ಇಳಿಯುತ್ತದೆ, ಬ್ಯಾಂಕಿನ ಕಟ್ಟಡ ತೊಳೆಯದ ಲೋಟದೊಳಗೆ ನಿಲ್ಲುತ್ತದೆ. ಅದನ್ನೆಲ್ಲ ಗಾಜಿನಷ್ಟೇ ದೊಡ್ಡ ಕ್ಯಾನ್ವಾಸಿಗೆ ಇಳಿಸಿದ್ದಳು, ಅತ್ತೆಯ ಬೆರಳಚ್ಚು, ಎಣ್ಣೆಯ ಜಿಡ್ಡು ಸಹಿತ. ಪುರಭವನದ ಪ್ರದರ್ಶನಕ್ಕೆ ಒಯ್ಯಲು ಮರುದಿನ ಗಾಡಿ ಬರುವುದಿತ್ತು. ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರ ಹೆಸರು; ಅವಳ ಹೆಸರು ಗೋಡೆ ಏರುವುದು ಇದೇ ಮೊದಲು.

ಬ್ಯಾಂಕಿನ ನೀಲಿ ಇನ್ನೂ ಹಸಿಯಾಗಿತ್ತು. ಗಾಳಿಯಾಡಲೆಂದು ಚಿತ್ರವನ್ನು ಆ ಕದಕ್ಕೇ ಒರಗಿಸಿ, ಬೋರ್ಡೊಂದನ್ನು ತಲುಪಿಸಲು ಹೊರಟಳು. ಮದುವೆಯಾದಾಗಿನಿಂದ ಹೇಳುತ್ತಿದ್ದ ಮಾತನ್ನು ಗಂಡನಿಗೆ ಬಾಯಿ ಅಭ್ಯಾಸಕ್ಕೆ ಹೇಳಿದಳು: "ರಜೆ ತಾನೇ, ಇವತ್ತಾದ್ರೂ ಆ ಕಿಟಕಿ ಒರೆಸ್ರೀ."

ಹಿಂದಿರುಗಿದಾಗ ಬಾಗಿಲಲ್ಲೇ ಅತ್ತೆ. "ನನ್ನ ಮಗನ ಕೈಲಿ ಎಂಥ ಚಾಕರಿ ಮಾಡಿಸ್ತೀಯೇ! ಎಷ್ಟು ವರ್ಷದ ಕೊಳೆಯೋ, ಬಟ್ಟೆಯೆಲ್ಲ ನೀಲಿ!"

"ಒರೆಸಿದಷ್ಟೂ ಬರ್ತಾನೇ ಇತ್ತು ಕಣೇ," ಗಂಡ ಎದೆ ಉಬ್ಬಿಸಿದ. "ಆದ್ರೂ ಮಬ್ಬಾಗೇ ಇದೆ. ಗಾಜೇ ಸರಿಯಿಲ್ಲ."

ಅವಳು ಅವನ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿದಳು. "ಗಾಜು ಚಿತ್ರದ ಹಿಂದಿದೆ. ನೀವು ಒರೆಸಿದ್ದು ಬ್ಯಾಂಕು."

ಅವನ ಮುಖ ಇಳಿದುಹೋಯಿತು. ಆದರೆ ಮರುಗಳಿಗೆಗೆ ಅದರಲ್ಲೊಂದು ನೆಮ್ಮದಿ ಮೂಡಿತು. "ಇದಕ್ಕೇ ನೋಡು, ನಾನು ಮನೆಗೆಲಸಕ್ಕೆ ಕೈ ಹಾಕೋದಿಲ್ಲ!"

"ಗುಟ್ಟಾಗಿ ಸರಿಮಾಡಿಬಿಡಮ್ಮಾ," ಅತ್ತೆ ಮೊದಲ ಬಾರಿ ಬೆಣ್ಣೆಯಂತಾದರು. "ಅವನು ಒರೆಸಿದ್ದು ಊರಿಗೆಲ್ಲ ಯಾಕೆ?"

ಊಟ ಮುಗಿಸಿ ಇಬ್ಬರೂ ಅಡ್ಡಾದರು. ಬೋರ್ಡಮ್ಮ ಕುಂಚ ಹಿಡಿದು ನಿಂತಳು. ಸಂಜೆಯೊಳಗೆ ಬ್ಯಾಂಕನ್ನು ಮತ್ತೆ ಎಬ್ಬಿಸಬಹುದು, ಯಾರಿಗೂ ಗೊತ್ತಾಗದು. ಪೇಟೆಯ ನಡುವೆ ಬಟ್ಟೆ ಎಳೆದ ಗುರುತು ಅರ್ಧಚಂದ್ರದಂತೆ ಬಾಗಿತ್ತು. ಅದನ್ನೇ ನೋಡಿದಳು. ಬ್ಯಾಂಕು ಎಷ್ಟು ಸಲ ಬೇಕಾದರೂ ಬರೆಯಬಹುದು. ಗಂಡ ಒರೆಸಿದ ಗುರುತು ಇನ್ನೊಮ್ಮೆ ಸಿಗುವುದು ಅನುಮಾನ.

ನೀಲಿಯ ಡಬ್ಬಿ ಮುಚ್ಚಿದಳು. ಗುರುತಿನ ತುದಿಗೆ ಬಟ್ಟೆ ಹಿಡಿದ ಕೈ ಬರೆದಳು, ಅಂಗಿಯ ಮಡಚಿದ ತೋಳು ಬರೆದಳು, ಮೇಲೊಂದು ಮುಖ, ಹಣೆಯ ಮೇಲೆ ಕನ್ನಡಕ. ಕೆಳಗೆ ತನ್ನ ಹೆಸರನ್ನು ರಸ್ತೆಯಾಚೆಗೂ ಕಾಣುವ ಬೋರ್ಡಿನ ಅಕ್ಷರದಲ್ಲಿ ಬರೆದಳು.

ನೀಲಿ ಬಟ್ಟೆಯನ್ನು ತೊಳೆಯಲಿಲ್ಲ. ಇನ್ನೂ ಕೊಳೆಯಾಗೇ ಇದ್ದ ಗಾಜಿನ ಪಕ್ಕದ ಮೊಳೆಗೆ, ಗಂಡನ ಕೈಗೆ ಎಟಕುವಂತೆ, ನೇತುಹಾಕಿದಳು.